ಹೆಸರಿಲ್ಲದವರ ಹಬ್ಬದಲ್ಲಿ ಹೆಸರುಗಳೇಕೆ?

ನವೆಂಬರ್ 1ರಂದು ಪ್ರಬೋಧನೆ ಮಾಡಲಿರುವ ಎಲ್ಲ ಗುರುಗಳಿಗೆ ಒಂದು ಬಹಿರಂಗ ಪತ್ರ

ವಂದನೀಯ ಗುರುಗಳೇ,

ನವೆಂಬರ್ 1ರ ಸಕಲ ಸಂತರ ಮಹೋತ್ಸವದ ಬಲಿಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಓದುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಓದಿ ಮುಗಿಸಿ ನನ್ನ ಜಾಗಕ್ಕೆ ಬಂದು ಕುಳಿತುಕೊಳ್ಳುತ್ತೇನೆ. ಸ್ವಲ್ಪ ಹೊತ್ತಿನಲ್ಲಿ, ವಾಚನಗಳನ್ನು ವಿವರಿಸಿ ಪ್ರಬೋಧನೆ ಮಾಡುವ ನಿಮ್ಮ ಸರದಿ. ಇಷ್ಟು ವರ್ಷ ಹಾಗೆ ಕುಳಿತು ಕೇಳಿದ ಪ್ರಬೋಧನೆಗಳನ್ನು ನೆನೆದರೆ ಮೂರೇ ಬಗೆ ಕಾಣುತ್ತವೆ. ಮೊದಲನೆಯದು ಪ್ರಖ್ಯಾತರ ಮೆರವಣಿಗೆ: ಅಸ್ಸಿಸಿಯ ಫ್ರಾನ್ಸಿಸರು ಹಕ್ಕಿಗಳೊಡನೆ ಬರುತ್ತಾರೆ, ಪದುವದ ಅಂತೋಣಿಯವರು ಕಳೆದುಹೋದದ್ದನ್ನು ಹುಡುಕಿಕೊಡುತ್ತಾರೆ, ಪುಟ್ಟ ತೆರೇಸಮ್ಮನವರು ಗುಲಾಬಿ ಸುರಿಸುತ್ತಾರೆ. ಎರಡನೆಯದು ಮರುದಿನದ, ಅಂದರೆ ಸತ್ತವರನ್ನು ನೆನೆಯುವ ದಿನದ, ಮಾತನ್ನು ಹಿಂದಿನ ದಿನವೇ ಆಡಿಬಿಡುವ ಸಮಾಧಿಯ ಪ್ರಬೋಧನೆ. ಮೂರನೆಯದು ಹಿಂದಿನ ಸಂಜೆಯ ಹಾಲೋವೀನ್ ಆಟಕ್ಕೆ ದೆವ್ವದ ಮುಖವಾಡ ಹಾಕಿಕೊಂಡ ಮಕ್ಕಳ ಮೇಲಿನ ಸಿಟ್ಟು. ಮೂರರಲ್ಲಿಯೂ ಆ ದಿನದ ಹಬ್ಬ ಯಾರದೋ ಆ ಹೆಸರಿಲ್ಲದ ಸಂತರ ಸುದ್ದಿ ಬರುವುದಿಲ್ಲ.

ಅದಕ್ಕಾಗಿ ಒಂದು ಬೇಡಿಕೆ. ಈ ವರ್ಷ, ಒಂದೇ ಒಂದು ವರ್ಷ, ನಿಮ್ಮ ಪ್ರಬೋಧನೆಯಲ್ಲಿ ಒಬ್ಬ ಸಂತರ ಹೆಸರನ್ನೂ ಹೇಳಬೇಡಿ.

ಇದು ಉದ್ಧಟತನವೆಂದು ತೋರಬಹುದು. ಸಂತರ ಹಬ್ಬದಲ್ಲಿ ಸಂತರ ಹೆಸರೇ ಬೇಡವೆಂದರೆ ಏನರ್ಥ? ನಾನು ಓದುವ ವಾಚನದಿಂದಲೇ ಶುರುಮಾಡುತ್ತೇನೆ. ಅದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನಾ ಗ್ರಂಥದ ಏಳನೆಯ ಅಧ್ಯಾಯ, ಯೊವಾನ್ನರು ಕಂಡ ಸ್ವರ್ಗದ ದರ್ಶನ. ಮೊದಲು ಒಂದು ಲೆಕ್ಕ ಬರುತ್ತದೆ, ಹಣೆಗೆ ಮುದ್ರೆ ಬಿದ್ದವರು 1,44,000 ಮಂದಿ ಎಂದು. ಬೈಬಲ್ ತೆರೆದು ನೋಡಿದರೆ ಇದರ ಬೆನ್ನಿಗೇ, ಐದರಿಂದ ಎಂಟನೆಯ ವಚನದವರೆಗೆ, ಹನ್ನೆರಡು ಕುಲಗಳ ಹೆಸರುಗಳಿವೆ. ಕುಲಕ್ಕೆ ಹನ್ನೆರಡು ಸಾವಿರದಂತೆ ಪಟ್ಟಿ ಇದೆ. ಆದರೆ ಬಲಿಪೂಜೆಯ ವಾಚನದಲ್ಲಿ ಈ ನಾಲ್ಕು ವಚನಗಳು ಇಲ್ಲ. ನಾಲ್ಕರಿಂದ ನೇರವಾಗಿ ಒಂಬತ್ತಕ್ಕೆ ಹಾರುತ್ತೇವೆ. ಅಲ್ಲಿ ಯಾರಿಂದಲೂ ಎಣಿಸಲಾಗದ ಜನಸ್ತೋಮ, ಎಲ್ಲ ಕುಲ, ನಾಡು, ನುಡಿಗಳಿಂದ ಬಂದವರು, ಬಿಳಿ ನಿಲುವಂಗಿ ತೊಟ್ಟು ನಿಂತಿದ್ದಾರೆ. ಪಟ್ಟಿಯನ್ನು ಬಿಟ್ಟವರು ಬಹುಶಃ ವಾಚನ ಉದ್ದವಾಗುತ್ತದೆ ಎಂದಷ್ಟೇ ಬಿಟ್ಟಿರಬಹುದು. ಆದರೂ ಪ್ರತಿ ವರ್ಷ ಆ ಜಿಗಿತ ನನಗೆ ಹಿಡಿಸುತ್ತದೆ. ಹೆಸರುಗಳ ಪಟ್ಟಿ ಬಿಟ್ಟುಹೋದ ಜಾಗದಲ್ಲಿಯೇ ಹಬ್ಬದ ಬಾಗಿಲು ತೆರೆಯುತ್ತದೆ.

ಆಮೇಲೆ ಹಿರಿಯರೊಬ್ಬರು ಯೊವಾನ್ನರನ್ನು ಕೇಳುತ್ತಾರೆ: ಬಿಳಿಯ ಬಟ್ಟೆ ತೊಟ್ಟ ಇವರು ಯಾರು, ಎಲ್ಲಿಂದ ಬಂದವರು? ಪ್ರಕಟನೆಯಷ್ಟು ದೊಡ್ಡ ದರ್ಶನ ಕಂಡವರು ಉತ್ತರ ಹೇಳಲಾರರು. "ಸ್ವಾಮೀ, ಅದು ನಿಮಗೇ ಗೊತ್ತು" ಎನ್ನುತ್ತಾರೆ. ಹಿರಿಯರು ಕೊಡುವ ಉತ್ತರದಲ್ಲಿಯೂ ಹೆಸರಿಲ್ಲ. ಮಹಾಸಂಕಟವನ್ನು ದಾಟಿ ಬಂದವರು, ಕುರಿಮರಿಯ, ಅಂದರೆ ಕ್ರಿಸ್ತನ, ರಕ್ತದಲ್ಲಿ ಬಟ್ಟೆ ತೊಳೆದುಕೊಂಡವರು, ಇಷ್ಟೇ. ಶುಭಸಂದೇಶಕ್ಕೆ ಬಂದರೆ ಮತ್ತಾಯರ ಐದನೆಯ ಅಧ್ಯಾಯ, ಅಷ್ಟಭಾಗ್ಯಗಳು. ದೀನರು, ದುಃಖಿಗಳು, ನೀತಿಗಾಗಿ ಹಸಿದವರು, ದಯೆಯುಳ್ಳವರು, ಶಾಂತಿ ಮಾಡಿಸುವವರು ಎಂದು ಯೇಸುಸ್ವಾಮಿ ಭಾಗ್ಯವಂತರನ್ನು ಬಗೆಬಗೆಯಾಗಿ ಗುರುತಿಸುತ್ತಾರೆ, ಒಬ್ಬರನ್ನೂ ಹೆಸರಿಸುವುದಿಲ್ಲ. ಧರ್ಮಸಭೆ ಆ ದಿನಕ್ಕೆಂದೇ ಆರಿಸಿದ ಪಾಠಗಳು ಇವು. ಇವನ್ನು ಓದಿಸಿಕೊಂಡು ಆಮೇಲೆ ಪ್ರಖ್ಯಾತರ ಪರಿಚಯ ಮಾಡಿಕೊಟ್ಟರೆ, ಊಟಕ್ಕೆ ಕರೆದವರನ್ನು ಹೊರಗೆ ನಿಲ್ಲಿಸಿ, ದಿನವೂ ಉಣ್ಣುವವರಿಗೆ ಎಲೆ ಹಾಕಿದಂತೆ. ಪ್ರಖ್ಯಾತ ಸಂತರಿಗೆ ವರ್ಷದಲ್ಲಿ ತಮ್ಮದೇ ದಿನಗಳಿವೆ. ಉಳಿದವರಿಗೆ ಇರುವುದು ಈ ಒಂದು ದಿನ.

ಹಬ್ಬದ ಹುಟ್ಟು ಕೂಡ ಇದನ್ನೇ ಹೇಳುತ್ತದೆ. ಸಂತರ ಹಬ್ಬಗಳು ಶುರುವಾದದ್ದು ಒಬ್ಬೊಬ್ಬ ರಕ್ತಸಾಕ್ಷಿಯ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ, ಗೋರಿಯ ಬಳಿ. 2ನೆಯ ಶತಮಾನದ ನಡುವಿನಲ್ಲಿ, ಇಂದಿನ ಟರ್ಕಿಯಲ್ಲಿರುವ ಸ್ಮುರ್ನ ಪಟ್ಟಣದ ಧರ್ಮಾಧ್ಯಕ್ಷ ಪೋಲಿಕಾರ್ಪರನ್ನು ಕೊಂದಾಗ, ಅಲ್ಲಿನ ಕ್ರೈಸ್ತರು ಇನ್ನೊಂದು ಊರಿನ ಸಭೆಗೆ ಒಂದು ಪತ್ರ ಬರೆದರು. ಅವರ ಮೂಳೆಗಳನ್ನು ಆಯ್ದು ತಂದೆವು, ಪ್ರತಿ ವರ್ಷ ಅವರ ರಕ್ತಸಾಕ್ಷ್ಯದ 'ಹುಟ್ಟುಹಬ್ಬ'ಕ್ಕೆ ಅಲ್ಲಿ ಸೇರುತ್ತೇವೆ ಎಂಬುದು ಆ ಪತ್ರದ ಸಾರ. ಸತ್ತ ದಿನವನ್ನು ಹುಟ್ಟಿದ ದಿನವೆಂದು ಕರೆದವರ ಎದೆಗಾರಿಕೆಯನ್ನು ನೀವು ಪ್ರಬೋಧನೆಗಳಲ್ಲಿ ನೆನೆಯುವುದುಂಟು. ಆದರೆ ಅದೇ ಪತ್ರದ ಕೊನೆಯ ಭಾಗದಲ್ಲಿ ಇನ್ನೊಂದು ಮಾತಿದೆ. ಅದೇ ಸೀಮೆಯ ಫಿಲದೆಲ್ಫಿಯ ಪಟ್ಟಣದವರನ್ನೂ ಸೇರಿಸಿದರೆ ಸ್ಮುರ್ನದಲ್ಲಿ ಪ್ರಾಣ ಕೊಟ್ಟವರಲ್ಲಿ ಪೋಲಿಕಾರ್ಪರು ಹನ್ನೆರಡನೆಯವರು, ಆದರೆ ಎಲ್ಲರೂ ನೆನೆಯುವುದು ಇವರೊಬ್ಬರನ್ನೇ ಎಂದು. ಪತ್ರ ಬರೆದವರಿಗೇ ಇದು ಸ್ವಲ್ಪ ಚುಚ್ಚಿರಬೇಕು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ. ಉಳಿದ ಹನ್ನೊಂದು ಮಂದಿಯಲ್ಲಿ ಗೆರ್ಮಾನಿಕುಸ್ ಎಂಬವನ ಹೆಸರು ಮಾತ್ರ ಅಲ್ಲಿ ಸಿಗುತ್ತದೆ. ಮಿಕ್ಕವರು ಅವರದೇ ಬೆಂಕಿ, ಮೃಗ, ಕತ್ತಿಗಳಲ್ಲಿ ಸತ್ತು, ಇನ್ನೊಬ್ಬರ ಕಥೆಯಲ್ಲಿ ಒಂದು ಸಂಖ್ಯೆಯಾಗಿ ಉಳಿದರು.

ಈ ಸಂಖ್ಯೆ ಏರುತ್ತ ಹೋಯಿತು. 303ರಲ್ಲಿ ಚಕ್ರವರ್ತಿ ಡಯೋಕ್ಲೇಶಿಯನ್ ಆರಂಭಿಸಿದ ಹಿಂಸೆಯಲ್ಲಿ ಎಷ್ಟು ಮಂದಿ ಸತ್ತರೆಂದರೆ, ಒಬ್ಬೊಬ್ಬರಿಗೂ ಒಂದು ದಿನ ಕೊಡುವ ಪದ್ಧತಿ ನಡೆಯುವಂತಿರಲಿಲ್ಲ. ಎಲ್ಲ ರಕ್ತಸಾಕ್ಷಿಗಳಿಗೂ ಸೇರಿ ಒಂದು ದಿನ ಎಂಬ ಯೋಚನೆ ಮೊದಲು ಮೂಡಿದ್ದು ಪೂರ್ವದ ಸಭೆಗಳಲ್ಲಿ. 411ರ ಸಿರಿಯಾಕ್ ಭಾಷೆಯ ಸಂತರ ಪಂಚಾಂಗದಲ್ಲಿ ಪಾಸ್ಖ (ಈಸ್ಟರ್) ಹಬ್ಬದ ನಂತರದ ಶುಕ್ರವಾರ ಅವರ ದಿನ. ಸಂತ ಯೊವಾನ್ನ ಕ್ರಿಸೋಸ್ತೋಮರು, ಈಸ್ಟರಿನ ಐವತ್ತನೆಯ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬದ ಮುಂದಿನ ವಾರ, ಸಕಲ ರಕ್ತಸಾಕ್ಷಿಗಳ ಕುರಿತು ಬೋಧಿಸಿದ್ದಾರೆ. ಪೂರ್ವದ ಆರ್ಥಡಾಕ್ಸ್ ಸಭೆಗಳು ಇಂದಿಗೂ ಸಕಲ ಸಂತರ ಹಬ್ಬವನ್ನು ಆಚರಿಸುವುದು ಪಂಚಾಶತ್ತಮದ ನಂತರದ ಮೊದಲ ಭಾನುವಾರವೇ.

ಇಲ್ಲಿ ಒಬ್ಬ ಕವಿಯ ಮಾತನ್ನು ತರದೆ ಇರಲಾರೆ. ಸುಮಾರು 400ರ ವೇಳೆಗೆ ಸ್ಪೇನಿನ ಪ್ರುಡೆಂಷಿಯಸ್ ರೋಮಿನ ಗೋರಿಗಳ ನಡುವೆ ಅಡ್ಡಾಡಿ, ತಾನು ಕಂಡದ್ದನ್ನು ಒಬ್ಬ ಧರ್ಮಾಧ್ಯಕ್ಷರಿಗೆ ಪದ್ಯದಲ್ಲಿ ಬರೆದು ತಿಳಿಸಿದ. ಕೆಲವು ಗೋರಿಗಳ ಮೇಲೆ ಹೆಸರಿತ್ತು, ನಾಲ್ಕು ಸಾಲಿನ ಹೊಗಳಿಕೆಯೂ ಇತ್ತು. ಇನ್ನು ಕೆಲವು ಮೂಕ ಕಲ್ಲುಗಳು, ಅವುಗಳ ಮೇಲೆ ಇದ್ದದ್ದು ಬರೀ ಅಂಕಿ. ಒಂದೇ ದಿಬ್ಬದ ಕೆಳಗೆ ಅರವತ್ತು ಮಂದಿ ಮಲಗಿದ್ದಾರೆಂದು ಅಲ್ಲಿ ತಿಳಿದುಕೊಂಡೆ, ಅವರ ಹೆಸರು ಬಲ್ಲವನು ಕ್ರಿಸ್ತನೊಬ್ಬನೇ ಎಂದು ಆತ ಬರೆಯುತ್ತಾನೆ. ಯೊವಾನ್ನರ "ನಿಮಗೇ ಗೊತ್ತು" ಎಂಬ ಮಾತು ಮೂರು ಶತಮಾನ ಕಳೆದು ಕಲ್ಲಿನ ಮುಂದೆ ನಿಂತ ಒಬ್ಬ ಪ್ರವಾಸಿಯ ಬಾಯಲ್ಲಿ ಮತ್ತೆ ಬಂತು. ಸಕಲ ಸಂತರ ಹಬ್ಬ ಎಂದರೇನು ಎಂದು ಧರ್ಮೋಪದೇಶ ತರಗತಿಯಲ್ಲಿ ಯಾರಾದರೂ ಕೇಳಿದರೆ ನಾನು ಈ ಅರವತ್ತು ಮಂದಿಯ ದಿಬ್ಬದ ಕಥೆಯನ್ನೇ ಹೇಳುತ್ತೇನೆ.

ಪಶ್ಚಿಮದಲ್ಲಿ ಹಬ್ಬಕ್ಕೆ ಒಂದು ಸೂರು ಸಿಕ್ಕಿದ್ದು 609ರ ಮೇ 13ರಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಚಕ್ರವರ್ತಿ ಫೋಕಾಸ್ ಬಿಟ್ಟುಕೊಟ್ಟ ರೋಮಿನ ಪ್ಯಾಂಥಿಯನ್ ದೇಗುಲವನ್ನು ಪೋಪ್ ನಾಲ್ಕನೆಯ ಬೋನಿಫಾಸರು ಮರಿಯ ಮಾತೆಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಸುರಂಗ ಸಮಾಧಿಗಳಿಂದ ಇಪ್ಪತ್ತೆಂಟು ಗಾಡಿ ಮೂಳೆಗಳನ್ನು ಅಲ್ಲಿಗೆ ತಂದರೆಂಬ ಮಾತು ಪರಂಪರೆಯಲ್ಲಿದೆ. ಗಾಡಿಗಳ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನಗೆ ಇಷ್ಟವಾದ ಸಂಗತಿ ಆ ಕಟ್ಟಡದ ಹಣೆಯ ಮೇಲಿದೆ. ಇದನ್ನು ಕಟ್ಟಿಸಿದವನು ಅಗ್ರಿಪ್ಪ ಎಂದು ಅಲ್ಲಿ ದೊಡ್ಡ ಅಕ್ಷರಗಳಲ್ಲಿ ಕೆತ್ತಿದೆ. ಅಗ್ರಿಪ್ಪ ಕಟ್ಟಿಸಿದ್ದು ಸುಟ್ಟುಹೋಗಿತ್ತು. ಈಗ ನಿಂತಿರುವುದು ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, 2ನೆಯ ಶತಮಾನದಲ್ಲಿ, ಎದ್ದ ಕಟ್ಟಡ. ಆದರೆ ಹಳೆಯ ಹೆಸರನ್ನೇ ಮುಂದುವರಿಸಿದರು. ಹಾಗಾಗಿ ಹೊರಗೆ ಕಟ್ಟಿಸದವನ ಹೆಸರು, ಒಳಗೆ ಹೆಸರೇ ಇಲ್ಲದವರ ಮನೆ.

ಈ ಹಬ್ಬ ಇನ್ನೂ ರಕ್ತಸಾಕ್ಷಿಗಳದಾಗಿತ್ತು. ಆದರೆ ರಕ್ತ ಚೆಲ್ಲದೆ ಹಾಸಿಗೆಯಲ್ಲಿ ಸತ್ತ ಪುಣ್ಯವಂತರನ್ನು ಜನ ಆಗಲೇ ಗೌರವಿಸುತ್ತಿದ್ದರು. 397ರಲ್ಲಿ ತೀರಿಕೊಂಡ ತೂರ್ ಪಟ್ಟಣದ ಸಂತ ಮಾರ್ಟಿನ್ ಅಂಥವರಲ್ಲಿ ಮೊದಲ ಸಾಲಿನವರು. 8ನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗೊರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಒಂದು ಪ್ರಾರ್ಥನಾಲಯ ಕಟ್ಟಿಸಿ, ಪ್ರೇಷಿತರು, ರಕ್ತಸಾಕ್ಷಿಗಳು, ವಿಶ್ವಾಸ ನಿವೇದಕರು (ರಕ್ತ ಚೆಲ್ಲದೆ ವಿಶ್ವಾಸವನ್ನು ಬಾಳಿ ತೋರಿದವರು) ಹಾಗೂ ಲೋಕದಲ್ಲೆಲ್ಲ ನೆಮ್ಮದಿಯಾಗಿ ಮಲಗಿರುವ ಸಕಲ ನೀತಿವಂತರ ಹೆಸರಿನಲ್ಲಿ ಅರ್ಪಿಸಿದರು. 'ಲೋಕದಲ್ಲೆಲ್ಲ' ಎಂಬ ಒಂದೇ ಪದದಲ್ಲಿ ಎಷ್ಟು ಮಂದಿಯನ್ನು ಒಳಗೆ ಬಿಟ್ಟರು ನೋಡಿ.

ಇನ್ನು ನವೆಂಬರ್ 1ರ ಪ್ರಶ್ನೆ, ನಿಮ್ಮ ಮೂರನೆಯ ಬಗೆಯ ಪ್ರಬೋಧನೆಗೆ ಸಂಬಂಧಿಸಿದ್ದು. ಐರ್ಲೆಂಡ್ ಕಡೆಯ ಕೆಲ್ಟ್ ಜನರ 'ಸಾವಿನ್' (Samhain) ಎಂಬ ಹಳೆಯ ಹಬ್ಬವನ್ನು ಮುಚ್ಚಿಹಾಕಲು ಧರ್ಮಸಭೆ ಈ ದಿನವನ್ನು ಆರಿಸಿತು ಎಂಬ ಮಾತನ್ನು ಹಬ್ಬದ ವಿರೋಧಿಗಳೂ ಹೇಳುತ್ತಾರೆ, ವಿಚಿತ್ರವೆಂದರೆ ಹಾಲೋವೀನನ್ನು ಬೈಯುವ ಗುರುಗಳೂ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ 9ನೆಯ ಶತಮಾನದ ಆರಂಭದ ಐರ್ಲೆಂಡಿನ ಪಂಚಾಂಗದಲ್ಲಿ ಅಲ್ಲಿಯವರು ಇಂಥ ಹಬ್ಬವನ್ನು ಇಟ್ಟುಕೊಂಡಿದ್ದದ್ದು ಏಪ್ರಿಲ್ 20ಕ್ಕೆ. ನವೆಂಬರ್ 1ಕ್ಕೆ ಒತ್ತು ಬಂದದ್ದು ಇಂಗ್ಲೆಂಡಿನ ಉತ್ತರ ಭಾಗ ಮತ್ತು ಜರ್ಮನ್ ನಾಡುಗಳ ಕಡೆಯಿಂದ. ಸುಮಾರು 800ರಲ್ಲಿ ಯಾರ್ಕಿನ ವಿದ್ವಾಂಸ ಆಲ್ಕುಯಿನ್ ಸಾಲ್ಸ್‌ಬರ್ಗಿನ ತನ್ನ ಸ್ನೇಹಿತ ಧರ್ಮಾಧ್ಯಕ್ಷರಿಗೆ ಈ ದಿನವನ್ನು ಆಚರಿಸುವಂತೆ ಬರೆದ. 835ರಲ್ಲಿ ಪೋಪ್ ನಾಲ್ಕನೆಯ ಗ್ರೆಗೊರಿಯವರ ಕೋರಿಕೆಯಂತೆ ಚಕ್ರವರ್ತಿ ಲೂಯಿ ಅದನ್ನು ಫ್ರಾಂಕ್ ಸಾಮ್ರಾಜ್ಯಕ್ಕೆಲ್ಲ ಹರಡಿದ. 12ನೆಯ ಶತಮಾನದ ಒಬ್ಬ ಲೇಖಕನ ಪ್ರಕಾರ ಕಾರಣ ಇನ್ನೂ ಸರಳ: ಮೇ ತಿಂಗಳಲ್ಲಿ ರೋಮಿಗೆ ಬರುವ ಯಾತ್ರಿಕರಿಗೆ ಉಣ್ಣಲು ಸಾಲುತ್ತಿರಲಿಲ್ಲ, ಸುಗ್ಗಿ ಮುಗಿದ ಮೇಲೆ ಸಾಲುತ್ತಿತ್ತು. ಇದು ನಿಜವೋ ಅಲ್ಲವೋ, ಅನ್ನದ ಲೆಕ್ಕ ಹಾಕಿದ ಹಬ್ಬವೆಂದರೆ ನನಗೇನೂ ಬೇಸರವಿಲ್ಲ. ಮೇ 13ನ್ನೂ ಬಿಡದೆ, ಅದು ರೋಮನ್ನರು ಮನೆಯ ದೆವ್ವಗಳಿಗೆ ಕಪ್ಪು ಅವರೆ ಎಸೆಯುತ್ತಿದ್ದ ದಿನವೆಂದು ತೋರಿಸುವವರಿದ್ದಾರೆ. ವರ್ಷದಲ್ಲಿ ಇರುವುದೇ 365 ದಿನ; ಯಾವ ದಿನ ಹಿಡಿದರೂ ಯಾರಾದರೂ ಅಲ್ಲಿ ಮೊದಲೇ ಕುಳಿತಿರುತ್ತಾರೆ. ಅಂದಹಾಗೆ ಹಾಲೋವೀನ್ ಎಂಬ ಪದದ ಅರ್ಥವೇ ಸಕಲ ಸಂತರ ಹಬ್ಬದ ಮುನ್ನಾ ಸಂಜೆ. ಮಕ್ಕಳನ್ನು ಗದರುವ ಬದಲು ಅದನ್ನೇ ಹೇಳಿಕೊಡಬಹುದು. ಬೇಡ, ಈ ವರ್ಷ ಅದೂ ಬೇಡ. ಹೊತ್ತು ಸಾಲುವುದಿಲ್ಲ.

ಎರಡನೆಯ ಬಗೆಯ ಪ್ರಬೋಧನೆಯ ಬಗ್ಗೆ ನನ್ನ ದೂರು ಮೃದುವಾದದ್ದು. ಮೃತ ವಿಶ್ವಾಸಿಗಳ ಸ್ಮರಣೆ ನವೆಂಬರ್ 2ಕ್ಕೆ ಬಂದದ್ದು ಬೇರೆ ದಾರಿಯಿಂದ. 10ನೆಯ ಶತಮಾನದ ಕೊನೆಯ ಹೊತ್ತಿಗೆ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೊ ತಮ್ಮ ಅಧೀನದ ಮಠಗಳಲ್ಲಿ ಅದನ್ನು ಆರಂಭಿಸಿದರು, ಅಲ್ಲಿಂದ ಲೋಕಕ್ಕೆ ಹಬ್ಬಿತು. ಎರಡೂ ದಿನಗಳು ಒತ್ತೊತ್ತಿಗೆ ಇರುವುದರಿಂದ ಒಂದು ಇನ್ನೊಂದರೊಳಗೆ ಸೋರುತ್ತದೆ. ಆದರೆ ದಿಕ್ಕು ತಿರುವುಮುರುವು: ಎರಡರಂದು ನಾವು ಅವರಿಗಾಗಿ ಬೇಡುತ್ತೇವೆ, ಒಂದರಂದು ನಮಗಾಗಿ ಬೇಡಿರೆಂದು ಅವರನ್ನು ಕೇಳುತ್ತೇವೆ. ಒಂದರಂದು ನೀವು ಬಿಳಿ ಪೂಜಾವಸ್ತ್ರ ತೊಟ್ಟಿರುತ್ತೀರಿ, ಪ್ರಬೋಧನೆಯನ್ನು ಮಾತ್ರ ಸತ್ತವರ ಪೂಜೆಯ ನೇರಳೆ ಬಣ್ಣದಲ್ಲಿ ಮಾಡುತ್ತೀರಿ.

ಈ ಗೆರೆಯನ್ನು ನಾನು ಗಟ್ಟಿಯಾಗಿ ಎಳೆಯುವುದಕ್ಕೆ ಸ್ವಂತ ಕಾರಣವೂ ಇದೆ. ತೀರಿಕೊಂಡ ನನ್ನ ತಾಯಿಯ ಹೆಸರನ್ನು ಪ್ರತಿ ವರ್ಷ ಎರಡನೆಯ ತಾರೀಖಿನ ಪೂಜೆಯ ಪಟ್ಟಿಗೆ ಬರೆಸುತ್ತೇನೆ. ಹಾಗೆ ಬರೆಸುವುದು ಮಗಳ ಕರ್ತವ್ಯ, ವಿನಯವೂ ಹೌದು. ಯಾರು ಎಲ್ಲಿದ್ದಾರೆಂದು ತೀರ್ಪು ಕೊಡಲು ನಾನು ಯಾರು? ಆದರೆ ಒಂದನೆಯ ತಾರೀಖು ವಾಚನ ಓದುವಾಗ, ಎಣಿಸಲಾಗದ ಆ ಜನಸ್ತೋಮ ಎಂಬಲ್ಲಿಗೆ ಬಂದಾಗ, ಆಕೆ ಪಟ್ಟಿ ಬಿಟ್ಟು ಇತ್ತ ದಾಟಿದ್ದರೆ ಎಂದು ಅನ್ನಿಸದೆ ಹೋಗುವುದಿಲ್ಲ. ದೇವಾಲಯದಲ್ಲಿ ಕುಳಿತ ಬಹಳ ಮಂದಿಗೆ ಹೀಗೆ ಅನ್ನಿಸುತ್ತಿರುತ್ತದೆ. ಅವರಿಗೆ ಹಾಗೆ ಆಶಿಸಲು ಅಪ್ಪಣೆ ಇದೆಯೆಂದು ಹೇಳಬೇಕಾದವರು ನೀವು, ಹೇಳಬೇಕಾದ ದಿನ ಅದು. ನೀವು ಆಗ ಅಸ್ಸಿಸಿಯಲ್ಲಿರುತ್ತೀರಿ.

ಸಂತ ಪದವಿಯ ವಿಧಿಗಳ ಮೇಲೆ ನನಗೆ ಕೋಪವಿಲ್ಲ. ಹಳೆಯ ಕಾಲದಲ್ಲಿ ಜನರೇ ಸಂತರನ್ನು ಸಾರುತ್ತಿದ್ದರು; ಪೋಪರೊಬ್ಬರು ಸಂತ ಪದವಿ ಘೋಷಿಸಿದ್ದಕ್ಕೆ ಸಿಗುವ ಮೊದಲ ದಾಖಲೆ 993ರದು, ಔಗ್ಸ್‌ಬರ್ಗಿನ ಧರ್ಮಾಧ್ಯಕ್ಷ ಉಲ್ರಿಕರ ಕುರಿತದ್ದು. 1234ರ ಹೊತ್ತಿಗೆ ಆ ಅಧಿಕಾರ ಪೋಪರಿಗೇ ಮೀಸಲಾಯಿತು. ಸಾಕ್ಷಿ, ದಾಖಲೆ, ಪವಾಡದ ತನಿಖೆ ಎಲ್ಲ ಬೇಕು, ಇಲ್ಲದಿದ್ದರೆ ಕಟ್ಟುಕಥೆಗಳಿಗೆ ಕೊನೆಯಿರುವುದಿಲ್ಲ. ಆದರೆ ದಾಖಲೆ ಕೇಳುವ ಯಾವ ವ್ಯವಸ್ಥೆಯಾದರೂ ದಾಖಲೆ ಇಟ್ಟವರ ಕಡೆಗೇ ವಾಲುತ್ತದೆ. ಮಠಗಳು ತಮ್ಮ ಸ್ಥಾಪಕರ ಕಾಗದಪತ್ರ ಕಾಪಾಡುತ್ತವೆ, ಅರ್ಜಿಯ ಬೆನ್ನು ಹತ್ತುತ್ತವೆ, ತಲೆಮಾರುಗಳ ಕಾಲ ಕಾಯಬಲ್ಲವು. ಆರು ಮಕ್ಕಳ ತಾಯಿಯ ಕಾಗದಪತ್ರವನ್ನು ಯಾರು ಕಾಪಾಡುತ್ತಾರೆ? ದಂಪತಿಗಳಿಬ್ಬರನ್ನು ಒಟ್ಟಿಗೆ ಸಂತರೆಂದು ಘೋಷಿಸಿದ್ದು ಮೊದಲ ಬಾರಿಗೆ 2015ರಲ್ಲಿ, ಲೂಯಿ ಮತ್ತು ಝೆಲಿ ಮಾರ್ಟಿನರನ್ನು. ಅವರು ಕೂಡ ಪುಟ್ಟ ತೆರೇಸಮ್ಮನವರ ಅಪ್ಪ ಅಮ್ಮ.

ಈ ವಾಲುವಿಕೆ ಧರ್ಮಸಭೆಗೆ ತಿಳಿಯದ್ದೇನಲ್ಲ. 1480ರಲ್ಲಿ ಇಟಲಿಯ ಒತ್ರಾಂತೊ ಪಟ್ಟಣದಲ್ಲಿ ಆಟೊಮನ್ ಸೈನ್ಯದ ಕೈಯಲ್ಲಿ ಸತ್ತ ಸುಮಾರು ಎಂಟುನೂರು ಮಂದಿಯನ್ನು 2013ರಲ್ಲಿ ಸಂತರೆಂದು ಸಾರಿದಾಗ, ಘೋಷಣೆಯಲ್ಲಿ ಇದ್ದ ಹೆಸರು ಒಂದೇ: ಅಂತೋನಿಯೊ ಪ್ರಿಮಾಲ್ದೊ ಮತ್ತು ಸಂಗಡಿಗರು. ದಿನದಿನದ ಸಂತರನ್ನು ಓದುವ ರೋಮನ್ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಹೆಸರುಗಳೆಲ್ಲ ಮುಗಿದ ಮೇಲೆ ಹಳೆಯ ಪದ್ಧತಿಯಂತೆ ಇನ್ನೊಂದು ಸಾಲು ಓದಬೇಕು: ಬೇರೆ ಬೇರೆ ಎಡೆಗಳಲ್ಲಿ ಇನ್ನೂ ಅನೇಕ ಪವಿತ್ರ ರಕ್ತಸಾಕ್ಷಿಗಳು, ವಿಶ್ವಾಸ ನಿವೇದಕರು, ಪವಿತ್ರ ಕನ್ಯೆಯರು ಎಂದು. ಕೇಳಿದವರು 'ದೇವರಿಗೆ ಕೃತಜ್ಞತೆ' ಎನ್ನಬೇಕು. ನವೆಂಬರ್ 1 ಎಂದರೆ ಆ ಕೊನೆಯ ಸಾಲಿಗೆ ಕೊಟ್ಟ ಒಂದು ಇಡೀ ದಿನ. ಪೋಪ್ ಫ್ರಾನ್ಸಿಸರು 2018ರಲ್ಲಿ ನೆರೆಮನೆಯ ಸಂತರ ಬಗ್ಗೆ ಬರೆದಾಗ, ಮಕ್ಕಳನ್ನು ಬೆಳೆಸುವ ತಂದೆತಾಯಿಗಳು, ಸಂಸಾರಕ್ಕಾಗಿ ದುಡಿಯುವವರು, ಕಾಯಿಲೆಯಲ್ಲಿ ಮಲಗಿದವರು, ನಗು ಬಿಡದ ಮುದುಕಿ ಕನ್ಯಾಸ್ತ್ರೀಯರು ಎಂದು ಎಣಿಸಿದ್ದು ಇದೇ ಸಾಲನ್ನು.

ಹೆಸರಿಲ್ಲದೆ ಪ್ರಬೋಧನೆ ಮಾಡಿದರೆ ಭಕ್ತರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಕಥೆ ಬೇಕು, ಮುಖ ಬೇಕು ಎಂದು ನೀವು ಹೇಳಬಹುದು. ಒಪ್ಪುತ್ತೇನೆ, ನಾನೇ ಈ ಪತ್ರದಲ್ಲಿ ಎಷ್ಟು ಹೆಸರು ಸುರಿದೆ ನೋಡಿ. ಆದರೆ ಮುಖಗಳಿಗೆ ಕೊರತೆಯಿಲ್ಲ. ನಿಮ್ಮ ಮುಂದೆ ಕುಳಿತ ಒಬ್ಬೊಬ್ಬರಿಗೂ ಒಂದೆರಡು ಮುಖ ಗೊತ್ತು. ಸುಮ್ಮನೆ ಒಂದು ನಿಮಿಷ ಬಿಟ್ಟುಕೊಡಿ, ಅವರೇ ತುಂಬಿಕೊಳ್ಳುತ್ತಾರೆ. ಪ್ರೇಷಿತ ಪೌಲರು ರೋಮಿನ ಕ್ರೈಸ್ತರಿಗೆ ಬರೆಯುವಾಗ ಪತ್ರ ಕೇಳುವ ಎಲ್ಲರನ್ನೂ ಸಂತರಾಗಲು ಕರೆ ಪಡೆದವರೆಂದೇ ಕರೆದರು. ಆ ಗುಂಪಿನಲ್ಲಿದ್ದ ಎಷ್ಟೋ ಮಂದಿಯ ಹೆಸರು ಅವರಿಗೇ ಗೊತ್ತಿರಲಿಲ್ಲ, ಆಗಿನ್ನೂ ಅವರು ರೋಮಿಗೆ ಹೋಗಿರಲಿಲ್ಲ.

ಸಂತರಿಗೆ ಅಗೌರವ ಆಗುತ್ತದೆಂಬ ಅಳುಕಿದ್ದರೆ, ಅಂದು ಬೆಳಿಗ್ಗೆ ನೀವು ಪಠಿಸುವ ಪ್ರಾರ್ಥನಾ ವಿಧಿಯ ವಾಚನವನ್ನೇ ನೋಡಿಕೊಳ್ಳಿ. ಕ್ಲೇರ್ವೊ ಮಠದ ಸಂತ ಬರ್ನಾರ್ಡರು ಅದರಲ್ಲಿ ಕೇಳುತ್ತಾರೆ, ನಮ್ಮ ಹೊಗಳಿಕೆಯಿಂದ ಸಂತರಿಗೆ ಏನು ಲಾಭ, ಈ ಹಬ್ಬದಿಂದಲೇ ಅವರಿಗೆ ಏನಾಗಬೇಕು ಎಂದು. ಅವರಿಗೆ ಏನೂ ಬೇಕಿಲ್ಲ. ನೆನೆದರೆ ಲಾಭ ನಮಗೆ, ಅವರ ಜೊತೆ ಸೇರಬೇಕೆಂಬ ಹಂಬಲ ಹತ್ತುತ್ತದೆ. ಅಸ್ಸಿಸಿಯ ಫ್ರಾನ್ಸಿಸರಂತೂ ಮುನಿಸಿಕೊಳ್ಳುವ ಪೈಕಿಯಲ್ಲ.

ವಾಚನಕಾರರ ಪಟ್ಟಿಯಲ್ಲಿ ಈ ಸಲವೂ ಮೊದಲ ವಾಚನಕ್ಕೆ ನನ್ನನ್ನೇ ಹಾಕಿದ್ದಾರೆ. "ಸ್ವಾಮೀ, ಅದು ನಿಮಗೇ ಗೊತ್ತು" ಎಂಬ ಮಾತು ಬಂದಾಗ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತೇನೆ. ನೀವು ಅಲ್ಲಿಂದ ಎತ್ತಿಕೊಳ್ಳಿ.

ಇತಿ ನಮಸ್ಕಾರಗಳೊಂದಿಗೆ,
ಮೊದಲ ವಾಚನ ಓದುವವಳು